ಕೆರೆಕಟ್ಟೆಗಳೂ ಹೊಣೆಗಾರಿಕೆಯೂ

ಮನೆ ಕಟ್ಟಿದವನ ತಪ್ಪು ಆ ಮನೆಯಲ್ಲಿರುವವರಿಗೆ ಕೇಡು ತರುವುದು. ಕೆರೆಯ ಏರಿಯನ್ನು ಕಟ್ಟಿದವನ ತಪ್ಪಾದರೋ ಅವನ ಮುಖವನ್ನೇ ಕಾಣದ ಹಳ್ಳಿಗಳನ್ನು ಒಂದೇ ರಾತ್ರಿಯಲ್ಲಿ ಕೊಚ್ಚಿಕೊಂಡು ಹೋಗುವುದು. ಆ ತಪ್ಪು ಕಟ್ಟಿದ ವರ್ಷವೇ ತೋರಿಬರಬೇಕೆಂಬ ನಿಯಮವೂ ಇಲ್ಲ; ಕಟ್ಟಿದವನು ಕೂಲಿ ಪಡೆದು, ವೃದ್ಧನಾಗಿ, ಕಾಲವಶನಾದ ಮೇಲೆ ಒಂದು ಮಳೆಗಾಲದಲ್ಲಿ ಪ್ರಕಟವಾದೀತು. ಆದುದರಿಂದ ಇಂಥ ಕಾರ್ಯಗಳಲ್ಲಿ ಮೂರು ಪ್ರಶ್ನೆಗಳು ಎಲ್ಲ ಕಾಲದಲ್ಲಿಯೂ ಏಳುತ್ತವೆ. ಕಟ್ಟತಕ್ಕವನ ಯೋಗ್ಯತೆ ಏನು? ಕಟ್ಟಿಸುವವನಿಗೂ ಕಟ್ಟುವವನಿಗೂ ಆಗತಕ್ಕ ಕರಾರು ಎಂತಹುದು? ಕಟ್ಟಿದುದು ಒಡೆದರೆ ನಷ್ಟವನ್ನು ಹೊರತಕ್ಕವರು ಯಾರು? ಈ ವಿಚಾರಗಳೆಲ್ಲ ಪಾಶ್ಚಾತ್ಯ ಎಂಜಿನಿಯರಿಂಗ್ ವಿದ್ಯೆಯೊಡನೆ ನಮ್ಮಲ್ಲಿಗೆ ಬಂದುವೆಂದು ಭಾವಿಸುವವರುಂಟು. ನಮ್ಮ ಶಾಸ್ತ್ರಗ್ರಂಥಗಳನ್ನೂ ಶಿಲಾಲೇಖಗಳನ್ನೂ ನೋಡಿದರೆ ಪೂರ್ವಿಕರು ಇವನ್ನು ಬಹಳ ಹಿಂದೆಯೇ ಆಲೋಚಿಸಿದ್ದರೆಂದು ತಿಳಿಯುವುದು.

ಮೊದಲು ಕೌಟಿಲ್ಯನ ಅರ್ಥಶಾಸ್ತ್ರವನ್ನು ನೋಡೋಣ. ಬಹುಕಾಲ ಕಣ್ಮರೆಯಾಗಿದ್ದ ಈ ಗ್ರಂಥವನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಕುಶಲಕರ್ಮಿಗಳು ಇಂಥ ಸ್ಥಳದಲ್ಲಿ, ಇಂಥ ಕಾಲದೊಳಗೆ, ಇಂಥ ಕೆಲಸವೆಂದು ಗೊತ್ತುಮಾಡಿಕೊಂಡು ಅದರಂತೆ ನಡೆಯಬೇಕೆಂದು ಅದರಲ್ಲಿ ವಿಧಿಸಿದೆ. ಕಾಲ ಮೀರಿದರೆ ಕೂಲಿಯಲ್ಲಿ ಕಾಲುಭಾಗ ಕಡಿತ. ಅದರ ಇಮ್ಮಡಿ ದಂಡ. ಕೆರೆಕಟ್ಟೆಗಳ ವಿಷಯದಲ್ಲಿ ಆತನ ನಿಬಂಧನೆಗಳು ಇನ್ನೂ ಸೂಕ್ಷ್ಮವಾಗಿವೆ. ಹೊಸದಾಗಿ ಕಟ್ಟಿಸಿದವನಿಗೆ ಐದು ವರ್ಷ ಕರವಿನಾಯಿತಿ. ಒಡೆದು ಹಾಳುಬಿದ್ದುದನ್ನು ಸರಿಪಡಿಸಿದವನಿಗೆ ನಾಲ್ಕು ವರ್ಷ. ಗಿಡಗಂಟಿ ಬೆಳೆದುದನ್ನು ಶುದ್ಧಮಾಡಿದವನಿಗೆ ಮೂರು ವರ್ಷ. ಕಟ್ಟೆಯನ್ನು ಐದು ವರ್ಷ ಬಳಸದೆ ಬಿಟ್ಟರೆ ಒಡೆತನವೇ ಹೋಗುವುದು. ಆದರೆ ಆಪತ್ತಿನಿಂದ ಹಾಗಾಗಿದ್ದರೆ ಹೋಗದು. ಮನುಷ್ಯನ ಅಲಕ್ಷ್ಯವೇ ಬೇರೆ, ದೈವದ ಹೊಡೆತವೇ ಬೇರೆ ಎಂಬ ಈ ವಿವೇಚನೆಯು ಇಂದಿನ ಕರಾರುಪತ್ರಗಳಲ್ಲಿಯೂ ಒಂದು ಮುಖ್ಯವಾದ ಕಲಮಾಗಿ ಉಳಿದಿದೆ. ಕಟ್ಟೆಯನ್ನು ಅನುಭವಿಸುತ್ತ ದುರಸ್ತಿ ಮಾಡದವನಿಗೆ, ಆದ ನಷ್ಟದ ಇಮ್ಮಡಿ ದಂಡ.

ಆದರೆ ದೈವದ ಹೊಡೆತವೇ ಬಿದ್ದಾಗ ನಷ್ಟ ಯಾರದು? ಇದಕ್ಕೆ ಸೌರಾಷ್ಟ್ರದ ಗಿರಿನಗರದ ಬಂಡೆಯ ಮೇಲೆ ಕೊರೆದಿರುವ ರುದ್ರದಾಮನ ಸಂಸ್ಕೃತ ಶಾಸನವು ಉತ್ತರ ಹೇಳುತ್ತದೆ. ಅಲ್ಲಿಯ ಸುದರ್ಶನವೆಂಬ ಕೆರೆಯನ್ನು ಚಂದ್ರಗುಪ್ತ ಮೌರ್ಯನ ಅಧಿಕಾರಿಯಾದ ಪುಷ್ಯಗುಪ್ತನು ಕಟ್ಟಿಸಿದನು. ಅಶೋಕನ ಕಾಲದಲ್ಲಿ ಯವನನಾದ ತುಷಾಸ್ಫನು ಅದಕ್ಕೆ ಕಾಲುವೆಗಳನ್ನು ಅಳವಡಿಸಿದನು. ಶಕವರ್ಷ 72ರ, ಎಂದರೆ ಕ್ರಿ.ಶ. 150ರ ಸುಮಾರಿನ, ಮಾರ್ಗಶಿರ ಮಾಸದಲ್ಲಿ ಬಿರುಗಾಳಿ ಮಳೆಗೆ ಆ ಏರಿಯು 420 ಮೊಳ ಉದ್ದ, ಅಷ್ಟೇ ಅಗಲ, 75 ಮೊಳ ಆಳ ಬಾಯ್ಬಿಟ್ಟಿತು. ಬಿರುಕಿನ ಗಾತ್ರವನ್ನು ಕಂಡ ಮಂತ್ರಿಗಳು ಈ ಕೆಲಸವೇ ಬೇಡವೆಂದರು. ಪ್ರಜೆಗಳು ಹಾಹಾಕಾರ ಮಾಡಿದರು. ರುದ್ರದಾಮನು ಮಂತ್ರಿಗಳ ಮಾತನ್ನು ಮೀರಿ, ಪ್ರಜೆಗಳ ಮೇಲೆ ಕರವನ್ನಾಗಲಿ ಬಿಟ್ಟಿಯನ್ನಾಗಲಿ ಹೊರಿಸದೆ, ತನ್ನ ಬೊಕ್ಕಸದಿಂದಲೇ ವೆಚ್ಚಮಾಡಿ, ಮೊದಲಿಗಿಂತ ಮುಮ್ಮಡಿ ಭದ್ರವಾಗಿ ಕಟ್ಟಿಸಿದನು. ಕೆಲಸವನ್ನು ನಡೆಯಿಸಿದವನು ಪಹ್ಲವ ದೇಶೀಯನಾದ ಸುವಿಶಾಖನೆಂಬ ಅಮಾತ್ಯನು. ಅರಸನ ಹೆಸರಿನೊಡನೆ ಕಾರ್ಯಕರ್ತನ ಹೆಸರನ್ನೂ ಕಲ್ಲಿನಲ್ಲಿ ನಿಲ್ಲಿಸಿರುವುದು ಗಮನಾರ್ಹವಾಗಿದೆ. ಮುಂದೆ ಸ್ಕಂದಗುಪ್ತನ ಕಾಲದಲ್ಲಿ ಅದೇ ಕೆರೆ ಮತ್ತೊಮ್ಮೆ ಒಡೆದಾಗ ಚಕ್ರಪಾಲಿತನು ಅದನ್ನು ಸರಿಪಡಿಸಿದ ಸಂಗತಿಯೂ ಅದೇ ಬಂಡೆಯ ಮೇಲಿದೆ. ಇದನ್ನು ಓದಿದವರಿಗೆ ಯಾವ ಏರಿಯೂ ಶಾಶ್ವತವಲ್ಲವೆಂಬ ಭಾವನೆ ಬಾರದಿರದು.

ಒಡೆದ ಮೇಲೆ ಕಟ್ಟುವುದಕ್ಕಿಂತ ಒಡೆಯದಂತೆ ಮೊದಲೇ ಆಲೋಚಿಸುವುದು ಲೇಸಲ್ಲವೆ? ಅಂಥ ಆಲೋಚನೆಗೆ ಪೋರುಮಾಮಿಳ್ಳದ ಶಾಸನಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು. ವಿಜಯನಗರದ ಮೊದಲನೆಯ ಬುಕ್ಕರಾಯನ ಮಗನೂ ಉದಯಗಿರಿಯ ಅಧಿಪತಿಯೂ ಆದ ಭಾಸ್ಕರನು 1369ರಲ್ಲಿ ಕಡಪೆಯ ಸೀಮೆಯಲ್ಲಿ ಅನಂತರಾಜಸಾಗರವೆಂಬ ಕೆರೆಯನ್ನು ಕಟ್ಟಿಸಿ ಈ ಶಾಸನವನ್ನು ಹಾಕಿಸಿದನು. ದಿನವೊಂದಕ್ಕೆ ಸಾವಿರ ಆಳು, ಕಲ್ಲುಗೆಲಸಕ್ಕೆ ನೂರು ಬಂಡಿ, ಎರಡು ವರ್ಷದ ದುಡಿಮೆ ಎಂದು ಲೆಕ್ಕ ಕೊಟ್ಟಿದೆ. ಏರಿಯ ಉದ್ದ, ಅಗಲ, ಎತ್ತರಗಳೂ ಅದರಲ್ಲಿವೆ. ಇವೆಲ್ಲಕ್ಕಿಂತ ಹೆಚ್ಚಿನದು, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಅಲ್ಲಿ ಎಣಿಸಿರುವುದು. ಧರ್ಮಿಷ್ಠನೂ ಧನವಂತನೂ ಆದ ಅರಸು ಮೊದಲನೆಯ ಅಂಗ. ಜಲಶಾಸ್ತ್ರವನ್ನು ಬಲ್ಲ ವಿದ್ವಾಂಸನು ಎರಡನೆಯದು. ಗಟ್ಟಿಯಾದ ಮಣ್ಣು, ಸಿಹಿನೀರಿನ ನದಿ, ಬೆಟ್ಟಗಳ ಆಸರೆ, ಅತಿ ಉದ್ದವಲ್ಲದ ಭದ್ರವಾದ ಕಲ್ಲಿನ ಏರಿ, ಸಮೀಪದಲ್ಲಿ ಕಲ್ಲಿನ ಗಣಿ ಮೊದಲಾದುವನ್ನು ಹೇಳಿ, ಕಟ್ಟುವುದರಲ್ಲಿ ನುರಿತ ಕೆಲಸಗಾರರ ಗುಂಪನ್ನು ಕೊನೆಯ ಅಂಗವಾಗಿ ಹೇಳಿದೆ. ಹಣ ಹಾಕುವವನು, ಶಾಸ್ತ್ರ ಬಲ್ಲವನು, ಕೈಗೆಲಸ ಬಲ್ಲವರು ಎಂಬ ಮೂವರನ್ನೂ ಹೀಗೆ ಕೆರೆಯ ಅಂಗಗಳಲ್ಲಿಯೇ ಸೇರಿಸಿರುವುದರಿಂದ, ಅವರಲ್ಲಿ ಒಬ್ಬರು ಕುಂದಾದರೂ ಕೆರೆಯೇ ಅಂಗಹೀನವೆಂದಾಯಿತು.

ದೋಷಗಳಾದರೋ ಇಂದಿನ ಎಂಜಿನಿಯರರೂ ಒಪ್ಪತಕ್ಕವು. ಏರಿಯಿಂದ ನೀರು ಜಿನುಗುವುದು, ಚೌಳು ಮಣ್ಣು, ಕೆರೆಯ ನಡುವೆ ಆಮೆಯ ಬೆನ್ನಿನಂತೆ ಉಬ್ಬಿದ ನೆಲ, ನೀರು ಕಡಿಮೆಯಾಗಿ ಸಾಗುವಳಿಯ ಭೂಮಿ ವಿಸ್ತಾರವಾಗಿರುವುದು, ಭೂಮಿ ಕಡಿಮೆಯಾಗಿ ನೀರು ವಿಪರೀತವಾಗಿರುವುದು, ಎರಡು ರಾಜ್ಯಗಳ ಗಡಿಯಲ್ಲಿರುವುದು, ಇವೇ ಆ ಆರು. ಮಣ್ಣುನೀರುಗಳ ದೋಷದೊಡನೆ ರಾಜ್ಯಗಳ ಗಡಿಯನ್ನೂ ದೋಷವೆಂದು ಎಣಿಸಿದ ಆ ದೂರದೃಷ್ಟಿಯನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾವೇರಿಯ ನೀರಿಗಾಗಿ ಮೈಸೂರಿಗೂ ಮದರಾಸಿಗೂ 1892ರಲ್ಲಿಯೂ 1924ರಲ್ಲಿಯೂ ಆದ ಒಪ್ಪಂದಗಳನ್ನೂ, ಆ ಮೇಲೆ ನಡೆದ ವ್ಯಾಜ್ಯಗಳನ್ನೂ ನಾವು ಬಲ್ಲೆವು.

ಇನ್ನು ಕರಾರಿನ ವಿಷಯ. ಕರ್ಣಾಟಕದ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಮಾತುಗಳು ಪದೇ ಪದೇ ಬರುವುವು. ಕೆರೆಯನ್ನು ಕಟ್ಟಿದವನಿಗೆ ಅಥವಾ ಜೀರ್ಣೋದ್ಧಾರ ಮಾಡಿದವನಿಗೆ ಅದೇ ಕೆರೆಯ ಕೆಳಗಿನ ಗದ್ದೆಯಲ್ಲಿ ಒಂದು ಪಾಲನ್ನು ಬಿಟ್ಟುಕೊಡುವುದು ಇವುಗಳ ಸಾಮಾನ್ಯ ರೀತಿ. ದಶವಂದವೆಂಬ ಹೆಸರು ಹತ್ತರಲ್ಲೊಂದು ಪಾಲನ್ನು ಸೂಚಿಸುವುದಾದರೂ ಪ್ರಮಾಣವು ಊರಿಂದೂರಿಗೆ ಬೇರೆಯಾಗುತ್ತಿತ್ತು. ಹೂಳೆತ್ತುವ ಬಂಡಿಗಳಿಗಾಗಿ ಬಿಟ್ಟ ದತ್ತಿಗಳೂ ಉಂಟು. ಈ ಏರ್ಪಾಡಿನ ಮರ್ಮವನ್ನು ವಾಚಕರು ಗ್ರಹಿಸಬೇಕು. ಕೂಲಿಯು ನಾಣ್ಯದಲ್ಲಿ ದೊರೆತರೆ ಕಟ್ಟಿದವನು ಎಣಿಸಿಕೊಂಡು ಹೊರಟುಹೋಗಬಹುದು. ಕೂಲಿಯು ಗದ್ದೆಯ ರೂಪದಲ್ಲಿದ್ದರೆ, ಏರಿ ನಿಂತಿರುವವರೆಗೆ ಮಾತ್ರ ಅದು ಗದ್ದೆ; ಏರಿ ಹೋದರೆ ಅವನ ಪಾಲೂ ಬೀಳು. ಅವನ ಮಕ್ಕಳು ಮೊಮ್ಮಕ್ಕಳ ಅನ್ನವೂ ಅದೇ ತೂಬಿನಿಂದ ಬರತಕ್ಕುದು. ಜಾಮೀನು, ಮುಚ್ಚಳಿಕೆಗಳಿಗಿಂತ ಬಲವಾದ ಕಟ್ಟು ಇದು. ಬ್ರಿಟಿಷರ ಆಡಳಿತ ಬಂದ ಮೇಲೆಯೂ ಕಡಪೆ ಮೊದಲಾದ ಜಿಲ್ಲೆಗಳಲ್ಲಿ ದಶಬಂದದ ಇನಾಮುಗಳು ಉಳಿದಿದ್ದುವು. ದುರಸ್ತಿಯನ್ನು ಬಿಟ್ಟವನ ಇನಾಮನ್ನು ಸರ್ಕಾರವು ಹಿಂದಕ್ಕೆ ತೆಗೆದುಕೊಳ್ಳಬಹುದಾಗಿತ್ತು.

ಹಾಗೆಂದು ಹಿಂದಿನದೆಲ್ಲವೂ ಸುವರ್ಣವೆನ್ನಲಾಗದು. ಕೃಷ್ಣದೇವರಾಯನು ರಾಜಧಾನಿಯ ಬಳಿ, ಈಗಿನ ಹೊಸಪೇಟೆಯ ಸಮೀಪದಲ್ಲೆಂದು ವಿದ್ವಾಂಸರ ಅಭಿಪ್ರಾಯ, ಒಂದು ಮಹಾ ಕೆರೆಯನ್ನು ಕಟ್ಟಿಸುತ್ತಿದ್ದುದನ್ನು ಪೋರ್ಚುಗಲ್ ದೇಶದ ಪಾಯೆಸ್ ಮತ್ತು ನೂನಿಜ್ ವರ್ಣಿಸಿರುವರು. ಹದಿನೈದಿಪ್ಪತ್ತು ಸಾವಿರ ಜನ ಇರುವೆಗಳಂತೆ ದುಡಿಯುತ್ತಿದ್ದರೆಂದು ಪಾಯೆಸನು ಬರೆದಿರುವನು. ಏರಿಯು ಕಟ್ಟಿದಂತೆಲ್ಲ ಕುಸಿಯಿತು. ಗೋವೆಯಿಂದ ಕರೆಸಿದ ಕಲ್ಲುಗೆಲಸದ ಯಜಮಾನನೊಬ್ಬನು ಸುಣ್ಣ ಬೇಕೆಂದುದಕ್ಕೆ ಅರಸನು ನಕ್ಕನಂತೆ. ಕೊನೆಗೆ ದೇವತೆಯ ಕೋಪವೇ ಕಾರಣವೆಂದು ಬಗೆದು ನರಬಲಿ ಕೊಟ್ಟರೆಂದು ಇಬ್ಬರೂ ಹೇಳುವರು. ಬಲಿಯಾದವರು ಅರವತ್ತು ಮಂದಿಯೆಂದು ಪಾಯೆಸನು, ಮರಣದಂಡನೆಗೆ ಗುರಿಯಾದ ಅಪರಾಧಿಗಳೆಂದು ನೂನಿಜನು. ತಜ್ಞನ ಮಾತಿಗೆ ಬೆಲೆಯಿಲ್ಲದೆ ಒಡೆಯನ ಆತುರವೇ ಕೆಲಸವನ್ನು ನಡೆಯಿಸಿದಾಗ, ಅಪಾಯದ ಭಾರವು ಎದುರಾಡಲಾರದವರ ಕೊರಳಿಗೆ ಬೀಳುವುದೆಂಬುದಕ್ಕೆ ಇದಕ್ಕಿಂತ ಘೋರವಾದ ಸಾಕ್ಷ್ಯವಿಲ್ಲ. ಅದೇ ಅರಸು, ಕೆರೆಯಾದ ಮೇಲೆ, ಅದರ ಕೆಳಗಿನ ಭೂಮಿಯನ್ನು ರೈತರು ಹದಮಾಡಿಕೊಳ್ಳಲೆಂದು ಒಂಬತ್ತು ವರ್ಷ ತೆರಿಗೆಯಿಲ್ಲದೆ ಬಿಟ್ಟನೆಂಬುದನ್ನೂ ನೂನಿಜನು ಹೇಳಿರುವನು. ನ್ಯಾಯವೂ ಅನ್ಯಾಯವೂ ಒಂದೇ ಏರಿಯ ಎರಡು ಪಕ್ಕಗಳಲ್ಲಿದ್ದುವು.

ಈಗ ನಮ್ಮ ಕಾಲಕ್ಕೆ ಬರೋಣ. ಗುತ್ತಿಗೆದಾರನು ಕೆಲಸ ಮುಗಿಸಿ ಒಪ್ಪಿಸಿದ ಮೇಲೆ ಕೆಲವು ವರ್ಷ ಮಾತ್ರ ಲೋಪಗಳಿಗೆ ಹೊಣೆಯಾಗಿರುವನು. ಅವಧಿ ತೀರಿದ ಮೇಲೆ ಠೇವಣಿಯನ್ನು ಹಿಂದಕ್ಕೆ ಪಡೆಯುವನು. ಅಣೆಕಟ್ಟಾದರೋ ನೂರಾರು ವರ್ಷ ನಿಲ್ಲತಕ್ಕುದು. 2024ರ ಆಗಸ್ಟ್ 10ರ ರಾತ್ರಿ, ಅದೇ ಹೊಸಪೇಟೆಯ ಬಳಿ, ತುಂಗಭದ್ರಾ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದರ ಸರಪಳಿ ಕಡಿದು ಬಾಗಿಲು ಕೊಚ್ಚಿಹೋಯಿತು. ಕಟ್ಟಿ ಎಪ್ಪತ್ತು ವರ್ಷಗಳಾಗಿದ್ದ ಅಣೆಕಟ್ಟು ಅದು. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕವಾದ ತಡೆಯನ್ನು ಇಳಿಸಿದ ಕೆಲಸಗಾರರ ಸಾಹಸವನ್ನು ನಾಡೆಲ್ಲ ಕೊಂಡಾಡಿತು. ಆದರೆ ಸಾಹಸ ಬೇಕಾಗುವ ಹೊತ್ತು ಬಾರದಂತೆ ನೋಡಿಕೊಳ್ಳುವುದು ಯಾರ ಹೊಣೆಯೆಂಬುದೇ ಮುಖ್ಯ ಪ್ರಶ್ನೆ. 2021ರ ಅಣೆಕಟ್ಟು ಸುರಕ್ಷತಾ ಅಧಿನಿಯಮವು ಆ ಹೊಣೆಯನ್ನು ಅಣೆಕಟ್ಟಿನ ಒಡೆತನವುಳ್ಳವರ ಮೇಲಿರಿಸಿ, ಮಳೆಗಾಲದ ಮೊದಲೂ ಅನಂತರವೂ ತಪಾಸಣೆ ನಡೆಯಬೇಕೆಂದು ವಿಧಿಸಿದೆ. ಇದು ಸ್ವಾಗತಾರ್ಹವಾದುದು.

ಯೋಗ್ಯತೆಯ ಪ್ರಶ್ನೆ ಮಾತ್ರ ಇನ್ನೂ ಉಳಿದಿದೆ. ವಕೀಲರಿಗೆ 1961ರಲ್ಲಿಯೂ ವಾಸ್ತುಶಿಲ್ಪಿಗಳಿಗೆ 1972ರಲ್ಲಿಯೂ ದೇಶಕ್ಕೆಲ್ಲ ಅನ್ವಯಿಸುವ ಶಾಸನಗಳಾದುವು. ಎಂಜಿನಿಯರರ ಸಂಸ್ಥೆಯು 1920ರಲ್ಲಿಯೇ ಸ್ಥಾಪಿತವಾಗಿದ್ದರೂ, ಅವರ ವೃತ್ತಿಗೆ ದೇಶವ್ಯಾಪಿಯಾದ ಅಂಥ ಶಾಸನವು ಕರಡಿನ ಹಂತವನ್ನು ದಾಟಿಲ್ಲ. ನ್ಯಾಯಾಲಯದಲ್ಲಿ ವಾದಿಸುವವನಿಗೆ ಬೇಕಾದ ನೋಂದಣಿಯು, ಲಕ್ಷ ಜನರ ತಲೆಯ ಮೇಲೆ ನೀರನ್ನು ನಿಲ್ಲಿಸುವವನಿಗೆ ಬೇಡವೆ? ಜಲಶಾಸ್ತ್ರವನ್ನು ಬಲ್ಲವನನ್ನು ಕೆರೆಯ ಎರಡನೆಯ ಅಂಗವೆಂದು ಭಾಸ್ಕರನು 1369ರಲ್ಲಿಯೇ ಕಲ್ಲಿನ ಮೇಲೆ ಬರೆಯಿಸಿದನು. ಆ ಯೋಗ್ಯತೆಯನ್ನು ಪರೀಕ್ಷಿಸಿ ಗೊತ್ತುಮಾಡುವ ಶಾಸನವೂ, ಕಟ್ಟಿದವನ ಲಾಭವನ್ನು ಕಟ್ಟಡದ ಬಾಳಿಕೆಗೆ ಗಂಟುಹಾಕುವ ಕರಾರೂ ಸೇರಿದರೆ, ಏರಿಯ ಕೆಳಗಿನ ಊರಿನವರು ಮಳೆಗಾಲದ ರಾತ್ರಿಗಳಲ್ಲಿ ನಿಶ್ಚಿಂತೆಯಿಂದ ಮಲಗಬಹುದು.