ಪೆಟ್ಟಿಗೆ ಮುಟ್ಟಬಾರದ ಮೇಸ್ತ್ರಿ

ಮುಟ್ಟಬಾರದು ಎಂಬ ಮಾತು ಕೇಳಿದ ಕೂಡಲೇ ನಮ್ಮ ಕಿವಿ ನೆಟ್ಟಗಾಗುತ್ತದೆ. ಅಮೆರಿಕದ ಯುಪಿಎಸ್ ಎಂಬ ಪಾರ್ಸೆಲ್ ಕಂಪನಿಯ ಗೋದಾಮುಗಳಲ್ಲೂ ಅಂಥದೊಂದು ಮಾತಿದೆ. ತರಬೇತಿಯಂಥ ಕೆಲವು ಸಂದರ್ಭ ಬಿಟ್ಟರೆ ಸೂಪರ್‌ವೈಸರ್ ಅಲ್ಲಿ ಪೆಟ್ಟಿಗೆ ಮುಟ್ಟುವ ಹಾಗಿಲ್ಲ. ಇದು ಮನು ಬರೆದದ್ದಲ್ಲ, ಕೂಲಿಕಾರರು ತಮ್ಮ ಸಂಘದಿಂದ ಒಪ್ಪಂದದಲ್ಲಿ ಬರೆಸಿದ್ದು. ಮೇಲಿನವನು ಪೆಟ್ಟಿಗೆ ಎತ್ತಿದರೆ ಕೆಳಗಿನವನೊಬ್ಬನ ಕೂಲಿ ಹೋಯ್ತು ಅಂತಲೇ ಅರ್ಥ. ತಕರಾರು ಅರ್ಜಿ ಬೀಳುತ್ತೆ. ಗೆದ್ದರೆ ಕಂಪನಿ ದಂಡ ತೆರಬೇಕು, ಆ ದುಡ್ಡು ಕೂಲಿಕಾರನಿಗೇ. ಈ ನಿಯಮ ಸರಿಯಾದದ್ದೇ ಅಂತ ನಾವು ಹೇಳುತ್ತೇವೆ.

ಆದರೆ ಈ ಅರೆಹೊತ್ತಿನ ಮೇಸ್ತ್ರಿ ಯಾರು? ಎಷ್ಟೋ ಸಲ, ನಿನ್ನೆವರೆಗೆ ಅದೇ ಲಾರಿಯೊಳಗೆ ಪೆಟ್ಟಿಗೆ ಪೇರಿಸುತ್ತಿದ್ದವನು. ಅನೇಕರು ಕಾಲೇಜು ಓದುವ ಹುಡುಗ ಹುಡುಗಿಯರು. ದಿನಕ್ಕೆ ನಾಲ್ಕೈದು ಗಂಟೆ ಕೆಲಸ. ಬಡ್ತಿ ಸಿಕ್ಕಿತೋ, ಸಂಘದಿಂದ ಹೊರಗೆ. ಬೆಲ್ಟು ಕಟ್ಟಿಕೊಂಡಾಗ, ಜನ ಸಾಲದಾಗ, ಮ್ಯಾನೇಜರು 'ನೀನೇ ಎತ್ತು' ಅಂತಾನೆ. ಎತ್ತಿದರೆ ಕೆಳಗಿನಿಂದ ಅರ್ಜಿ, ಎತ್ತದಿದ್ದರೆ ಮೇಲಿನಿಂದ ಬೈಗುಳ. ಅವನ ಪರವಾಗಿ ಅರ್ಜಿ ಬರೆಯಲು ಸಂಘವಿಲ್ಲ.

ಇದು ತಾನಾಗಿ ಆದದ್ದಲ್ಲ ಗೆಳೆಯರೆ. ಮೇಸ್ತ್ರಿಗಳೂ ಒಮ್ಮೆ ಸಂಘ ಕಟ್ಟಿದ್ದರು. 1941ರಲ್ಲಿ ಡೆಟ್ರಾಯ್ಟಿನ ಫೋರ್ಡ್ ಕಾರ್ಖಾನೆಯ ಫೋರ್‌ಮನ್ನರು ಶುರು ಮಾಡಿದ ಸಂಘ ಯುದ್ಧದ ವರ್ಷಗಳಲ್ಲಿ ಸಾವಿರಾರು ಜನರನ್ನು ಸೇರಿಸಿಕೊಂಡಿತು. 1947ರ ಮಾರ್ಚಿನಲ್ಲಿ ಪ್ಯಾಕರ್ಡ್ ಕಾರು ಕಂಪನಿಯ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಫೋರ್‌ಮನ್ನನೂ ನೌಕರನೇ ಎಂದು 5-4ರ ತೀರ್ಪು ಕೊಟ್ಟಿತು. ಮಾಲೀಕರು ಸುಮ್ಮನಿರುತ್ತಾರೆಯೇ? ಅದೇ ಜೂನಿನಲ್ಲಿ ಟಾಫ್ಟ್-ಹಾರ್ಟ್ಲಿ ಕಾಯ್ದೆ ಬಂತು. ಅಧ್ಯಕ್ಷ ಟ್ರೂಮನ್ ತಡೆದರೂ ಸಂಸತ್ತು ಅದನ್ನು ಮೀರಿ ಪಾಸು ಮಾಡಿತು. 'ನೌಕರ' ಎಂಬ ಪದದ ಅರ್ಥದಿಂದಲೇ ಮೇಸ್ತ್ರಿಯನ್ನು ಕಿತ್ತುಹಾಕಿದರು. ಕೋರ್ಟು ಕೊಟ್ಟದ್ದು ಹೆಚ್ಚು ಕಾಲ ಬಾಳಲಿಲ್ಲ ಅನ್ನಿ. (ನಮ್ಮಲ್ಲೂ 1947ರ ಕೈಗಾರಿಕಾ ವಿವಾದ ಕಾಯ್ದೆಗೆ 1956ರಲ್ಲಿ ತಿದ್ದುಪಡಿ ತಂದು, ತಿಂಗಳಿಗೆ 500 ರೂಪಾಯಿ ಮೀರಿ ಪಡೆಯುವ ಮೇಲ್ವಿಚಾರಕನನ್ನು ಕಾರ್ಮಿಕರ ಲೆಕ್ಕದಿಂದ ತೆಗೆದರು. ಯಜಮಾನರ ಬುದ್ಧಿಗೆ ಸಮುದ್ರ ಅಡ್ಡಿಯಲ್ಲ.)

ಗೋದಾಮಿನ ಕೂಲಿಯವರ ಕಥೆಯೂ ಸುಖದ್ದಲ್ಲ. 1982ರ ಒಪ್ಪಂದ ಅರೆಹೊತ್ತಿನವರ ಆರಂಭದ ಕೂಲಿಯನ್ನು ಗಂಟೆಗೆ 8 ಡಾಲರಿಗೆ ಕಟ್ಟಿಹಾಕಿತು. ಹದಿನೈದು ವರ್ಷ ಅದು ಕದಲಲಿಲ್ಲ. ಅದಕ್ಕೆ ಸಂಘದ ಅಂದಿನ ನಾಯಕರೇ ಒಪ್ಪಿದ್ದರೆಂಬುದನ್ನೂ ಮರೆಯುವಂತಿಲ್ಲ. 1997ರ ಆಗಸ್ಟ್ 4ರಂದು ರಾನ್ ಕೇರಿ ಮುಂದಾಳುತನದಲ್ಲಿ ಟೀಮ್‌ಸ್ಟರ್ಸ್ ಸಂಘದ 1,85,000 ಜನ ಕೆಲಸ ನಿಲ್ಲಿಸಿದರು. 15 ದಿನ. ಕಂಪನಿ ಮ್ಯಾನೇಜರು, ಸೂಪರ್‌ವೈಸರುಗಳ ಕೈಯಲ್ಲೇ ಪೆಟ್ಟಿಗೆ ಹೊರಿಸಿತು. ಒಪ್ಪಂದ ಮುಟ್ಟಬೇಡ ಅಂದವನಿಗೆ ಮುಷ್ಕರದ ದಿನ ಮುಟ್ಟದೆ ಇರುವ ದಾರಿಯೇ ಇರಲಿಲ್ಲ. ಆದರೂ ಜನ ಗೆದ್ದರು. 10,000 ಹೊಸ ಪೂರ್ಣಹೊತ್ತಿನ ಕೆಲಸಗಳಿಗೆ ಕಂಪನಿ ಒಪ್ಪಿತು.

2023ರಲ್ಲಿ ಮುಷ್ಕರದ ಬೆದರಿಕೆಯೇ ಸಾಕಾಯಿತು. ಸುಮಾರು 3,40,000 ಜನರ ಹೊಸ ಒಪ್ಪಂದದಲ್ಲಿ ಅರೆಹೊತ್ತಿನವರ ಆರಂಭದ ಕೂಲಿ ಗಂಟೆಗೆ 21 ಡಾಲರಿಗೆ ಏರಿತು. ಮೇಸ್ತ್ರಿ ಆ ಒಪ್ಪಂದದಲ್ಲಿ ಇದ್ದಾನೆ, ಯಾವ ಕೆಲಸ ಮಾಡಕೂಡದು ಎಂಬ ಕಲಮಿನಲ್ಲಿ.