ತಮಟೆಗೆ ಬಂದ ಹೊಸ ಮಾತು

ಕೋಲಾರವೆಂದೊಡನೆ ಪಟ್ಟಣದ ವಾಚಕರಿಗೆ ಚಿನ್ನದ ಗಣಿ ನೆನಪಾಗುವುದು ಸಹಜ. 2001ರಲ್ಲಿ ಆ ಗಣಿ ಮುಚ್ಚಿತು. ಆ ಸೀಮೆಯ ಇನ್ನೊಂದು ಸಂಪತ್ತು ಹೋರಾಟದ ಹಾಡು. ಅದರ ಚರಿತ್ರೆಯನ್ನೂ ನಾವು ಅರಿಯಬೇಕೆಂದು ನನ್ನ ಭಾವನೆ.

1965ರ ಸುಮಾರಿಗೆ ಅಮೆರಿಕದಲ್ಲಿ ಬಾಬ್ ಡಿಲನ್ ಮೊದಲಾದವರು ಜನಪದ ಹಾಡಿಗೆ ವಿದ್ಯುತ್ ಗಿಟಾರನ್ನು ಕೂಡಿಸಿದರು. ಆ ಬೆರಕೆ ‘ಫೋಕ್ ರಾಕ್’ ಎನ್ನಿಸಿಕೊಂಡಿತು. ಮುಂದಿನ ದಶಕದಲ್ಲಿ ನಮ್ಮಲ್ಲಾದ ಬೆರಕೆಯೇ ಬೇರೆ. ವಾದ್ಯ ಹಳೆಯದು, ಧಾಟಿ ಹಳೆಯದು. ಮಾತು ಮಾತ್ರ ಹೊಸದು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಇವು ಗಡಿಸೀಮೆಯ ತಾಲ್ಲೂಕುಗಳು. ಅತ್ತ ಆಂಧ್ರ, ಇತ್ತ ತಮಿಳುನಾಡು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎನ್ನುವ ಸಂಸಾರಗಳು ಬೇಕಾದಷ್ಟು. ನೆರೆಯ ಕೈವಾರದ ನಾರಾಯಣ ತಾತಯ್ಯನವರು ಎರಡು ಭಾಷೆಗಳಲ್ಲೂ ತತ್ವಪದಗಳನ್ನು ರಚಿಸಿದರು. ಧಾಟಿಗಳಿಗೆ ಇಲ್ಲಿ ಗಡಿಯೇ ಇರಲಿಲ್ಲ.

1970ರ ದಶಕದ ನಡುವೆ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳುತನದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಅಚ್ಚಾಯಿತು. ಆದರೆ ಅಕ್ಷರ ಕಲಿಯದವರಿಗೆ ಅಚ್ಚಿನ ಪುಸ್ತಕದಿಂದೇನು? ಹಾಡು ಬಾಯಿಂದ ಬಾಯಿಗೆ ಹೋಗಬೇಕಾಯಿತು. ಕೋಲಾರದ ಕಡೆ ಇಂಥ ಹಾಡುಗಳನ್ನು ಕಟ್ಟಿದವರಲ್ಲಿ ಕೋಟಿಗಾನಹಳ್ಳಿ ರಾಮಯ್ಯನವರು ಪ್ರಮುಖರು. ಭಾಷಣಕ್ಕೆ ಮುನ್ನ ಹಾಡು, ಹಾಡಿಗೆ ಮುನ್ನ ತಮಟೆ. ಸಭೆ ಕೂಡುತ್ತಿದ್ದುದೇ ಹೀಗೆ.

ಈ ತಮಟೆಯ ವಿಷಯವನ್ನು ಸ್ವಲ್ಪ ನಿಂತು ಯೋಚಿಸಬೇಕು. ದುಂಡನೆಯ ಚೌಕಟ್ಟಿಗೆ ಬಿಗಿದ ಚರ್ಮ; ಬೆಂಕಿಗೆ ಹಿಡಿದು ಕಾಯಿಸಿದರೆ ಶ್ರುತಿಗೆ ಬರುತ್ತದೆ. ಸಾವಿಗೂ ಜಾತ್ರೆಗೂ ಅದನ್ನು ಬಡಿಯುವುದು ಕೇರಿಯವರ ಮೇಲೆ ಊರು ಹೊರಿಸಿದ್ದ ಚಾಕರಿಯಾಗಿತ್ತು. ಹಾಗೆಂದೇ ಅದನ್ನು ಎಸೆದುಬಿಡಬೇಕು ಎಂದವರು ಉಂಟು. ಅವರ ನೋವು ನ್ಯಾಯವಾದದ್ದೇ. ಹಾಡುಗಾರರಾದರೋ ತಮಟೆಯನ್ನು ಉಳಿಸಿಕೊಂಡು ಚಾಕರಿಯನ್ನು ಎಸೆದರು. ಊರಿನ ಅಪ್ಪಣೆಗೆ ಬಡಿಯುತ್ತಿದ್ದ ಕೈ ತನ್ನ ಇಚ್ಛೆಗೆ ಬಡಿಯತೊಡಗಿತು. ಇದು ಸಂಗೀತದಲ್ಲಿ ಆದ ಬದಲಾವಣೆ ಮಾತ್ರವಲ್ಲ.

ಸಮಿತಿಯ ಒಗ್ಗಟ್ಟು ಬಹುಕಾಲ ಬಾಳಲಿಲ್ಲ. ಅದು ಬಣಗಳಾಗಿ ಒಡೆಯಿತು. ಹಾಡುಗಳು ಮಾತ್ರ ಒಡೆಯಲಿಲ್ಲ. ಎಲ್ಲ ಬಣದವರೂ ಅವನ್ನೇ ಹಾಡಿದರು. ರೈತರ ಮತ್ತು ವಿದ್ಯಾರ್ಥಿಗಳ ಮೆರವಣಿಗೆಗಳಿಗೂ ಹೋರಾಟದ ಹಾಡು ನಡೆದುಹೋಯಿತು. ಕೋಲಾರದ ಪಕ್ಕದ ತೇರಹಳ್ಳಿ ಬೆಟ್ಟದ ಮೇಲೆ ರಾಮಯ್ಯನವರೂ ಗೆಳೆಯರೂ ‘ಆದಿಮ’ ಕೇಂದ್ರವನ್ನು ಕಟ್ಟಿದರು. ಅಲ್ಲಿಯ ‘ಹುಣ್ಣಿಮೆ ಹಾಡು’ ನಾಡಿನಲ್ಲೆಲ್ಲ ಹೆಸರಾಯಿತು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿಯೇ ಪದ್ಮಶ್ರೀ ಬಂದಿತು. 2007ರವರೆಗೆ ಅದೂ ಕೋಲಾರ ಜಿಲ್ಲೆಯೇ.

ಈಗ ಬೆಂಗಳೂರಿನ ತರುಣರು ಗಿಟಾರಿನೊಡನೆ ತತ್ವಪದ ಹಾಡುತ್ತಾರೆ. ನನಗದು ಸಂತೋಷವೇ. ಆದರೆ ಧಾಟಿ ಸುಲಭವಾಗಿ ಕೈಗೆ ಬರುತ್ತದೆ. ಅದರ ಹಿಂದಿನ ಬಾಳು ಹಾಗೆ ಬರುವುದಿಲ್ಲ. ರಂಗದ ಮೇಲೆ ತಮಟೆ ಮೊಳಗಿದಾಗ ಚಪ್ಪಾಳೆ ತಟ್ಟುವ ನಾವು, ಅದನ್ನು ಅಲ್ಲಿಗೆ ತಂದವರು ಯಾವ ಕೇರಿಯಿಂದ ನಡೆದುಬಂದರೆಂದು ತಿಳಿದಿರುವುದು ಒಳ್ಳೆಯದು.