ಪಾಲಕರ ಸಹಿ

ಹಳದಿಯೋ ಗುಲಾಬಿಯೋ ಬಣ್ಣದ, ನಡುವೆ ಮಡಿಚಿದ ರಟ್ಟು. ಹೊರಗೆ ಶಾಲೆಯ ಹೆಸರು. ಒಳಗೆ ವಿಷಯವಾರು ಅಂಕ, ಹಾಜರಿ, ಒಟ್ಟು, ತರಗತಿಯಲ್ಲಿ ಎಷ್ಟನೆಯವನು ಎಂಬ ಲೆಕ್ಕ. ತುದಿಗೆ ಮೂರು ಸಣ್ಣ ಚೌಕ: ತರಗತಿ ಶಿಕ್ಷಕರ ಸಹಿ, ಮುಖ್ಯೋಪಾಧ್ಯಾಯರ ಸಹಿ, ಪಾಲಕರ ಸಹಿ. ಮೊದಲಿನ ಇಬ್ಬರಿಗೆ ತಾವು ಯಾವುದಕ್ಕೆ ಸಹಿ ಹಾಕುತ್ತಿದ್ದೇವೆಂದು ಗೊತ್ತು. ಮೂರನೆಯ ಚೌಕದ ಬಗ್ಗೆ ಆ ಮಾತನ್ನು ಅಷ್ಟು ಧೈರ್ಯದಿಂದ ಹೇಳಲಾಗದು. ಅಲ್ಲಿ ಕನ್ನಡದ ಸಹಿ ಇರುತ್ತದೆ, ತೆಲುಗಿನ ಸಹಿ ಇರುತ್ತದೆ, ಹೆಬ್ಬೆಟ್ಟಿನ ಗುರುತೂ ಇರುತ್ತದೆ. ಒಂದೇ ಕೈಬರಹದಲ್ಲಿ ಅಪ್ಪ, ಅಣ್ಣ, ಚಿಕ್ಕಪ್ಪ ಮೂವರೂ ಸಹಿ ಮಾಡಿದ್ದನ್ನೂ ನೋಡಿದ್ದೇನೆ.

ನನ್ನ ಸಂಶೋಧನೆ ಬಳ್ಳಾರಿ ಸೀಮೆಯ ಶಾಲೆಗಳ ಚರಿತ್ರೆಯದು. ಶಾಲೆ ಸರ್ಕಾರಕ್ಕೆ ಏನು ಹೇಳಿತು ಎಂಬುದಕ್ಕೆ ಕಡತಗಳಿವೆ: ತಪಾಸಣಾ ವರದಿ, ಅನುದಾನದ ಪತ್ರ, ದಾಖಲಾತಿಯ ಪಟ್ಟಿ. ಶಾಲೆ ಮನೆಗೆ ಏನು ಹೇಳಿತು ಎಂಬುದಕ್ಕೆ ಕಡತವಿಲ್ಲ. ಅದು ಅಟ್ಟದ ಮೇಲಿನ ಟ್ರಂಕುಗಳಲ್ಲಿ, ರೇಷನ್ ಕಾರ್ಡು ಮತ್ತು ಪಹಣಿಯ ನಡುವೆ ಸಿಕ್ಕಿಕೊಂಡಿರುತ್ತದೆ. ಮಗ ಎಷ್ಟು ಕಲಿತ, ಮುಂದೆ ಎಲ್ಲಿಗೆ ಹೋಗಬೇಕು ಎಂಬ ಎರಡು ಸುದ್ದಿಗಳು ಮನೆ ಮುಟ್ಟಿದ ಬಗೆಯನ್ನು ಹುಡುಕುತ್ತ ನಾನು ಈ ಟ್ರಂಕುಗಳ ಹತ್ತಿರ ಬಂದೆ.

ಹೈಸ್ಕೂಲಿಗೆ ಬರುವ ಮುನ್ನ ನೂರು ವರ್ಷ ಹಿಂದಕ್ಕೆ ಹೋಗಬೇಕು. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳ ಕಲೆಕ್ಟರುಗಳಿಂದ ಊರ ಶಾಲೆಗಳ ಮಾಹಿತಿ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್ಬೆಲ್ 1823ರ ಆಗಸ್ಟಿನಲ್ಲಿ ಕಳಿಸಿದ ಉತ್ತರ ಆ ಮಾಲೆಯಲ್ಲೇ ಹೆಚ್ಚು ವಿವರವುಳ್ಳದ್ದು. ಧರ್ಮಪಾಲರು 1983ರಲ್ಲಿ ಈ ವರದಿಗಳನ್ನು ಪುಸ್ತಕವಾಗಿ ಹೊರತಂದ ಮೇಲೆ ಅದು ಎಲ್ಲರಿಗೂ ಸಿಗುವಂತಾಯಿತು. ಕ್ಯಾಂಪ್ಬೆಲ್ಲನ ಎಣಿಕೆಯಂತೆ ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು. ಕನ್ನಡದವು 235, ತೆಲುಗಿನವು 226. ಸಾಮಾನ್ಯವಾಗಿ ಈ ಅಂಕಿಗಳನ್ನು ಹಿಡಿದು ವಾದ ಮಾಡುತ್ತೇವೆ. ಬ್ರಿಟಿಷರು ಬರುವ ಮುಂಚೆ ನಾವು ಹೆಚ್ಚು ಕಲಿತಿದ್ದೆವೋ ಕಡಿಮೆಯೋ ಎಂದು. ನನಗೆ ಅದಕ್ಕಿಂತ ಹಿಡಿಸಿದ್ದು ಅವನು ಹೇಳುವ ಎರಡು ಸಣ್ಣ ಸಂಗತಿ.

ಒಂದು, ಮಗುವಿಗೆ ಐದು ವರ್ಷವಾದಾಗ ಶಾಲೆಯೇ ಮನೆಗೆ ಬರುತ್ತಿತ್ತು. ತಂದೆತಾಯಿ ಮೇಷ್ಟ್ರನ್ನೂ ಶಾಲೆಯ ಹುಡುಗರನ್ನೂ ಕರೆಸುತ್ತಿದ್ದರು. ಎಲ್ಲರೂ ಗಣಪನ ಸುತ್ತ ಕೂತಮೇಲೆ ಮೇಷ್ಟ್ರು ಮಗುವಿನ ಬೆರಳು ಹಿಡಿದು ಅಕ್ಕಿಯಲ್ಲಿ ಬರೆಸುತ್ತಿದ್ದರು. ಎರಡು, ಶುಲ್ಕದ ಮಾತು. ಮೊದಲಿಗೆ ತಿಂಗಳಿಗೆ ಕಾಲು ರೂಪಾಯಿ. ಹುಡುಗ ಕಾಗದದ ಮೇಲೆ ಬರೆಯುವ ಮಟ್ಟಕ್ಕೋ ಮೇಲಿನ ಲೆಕ್ಕಕ್ಕೋ ಬಂದರೆ ಅರ್ಧ ರೂಪಾಯಿ. ಅಂದರೆ ಪ್ರಗತಿ ಪತ್ರ ಬೇಕಿರಲಿಲ್ಲ. ಮೇಷ್ಟ್ರು ಅರ್ಧ ರೂಪಾಯಿ ಕೇಳಿದರೆ ಮಗ ಮೇಲೇರಿದ ಎಂದು ಅಕ್ಷರ ಬಾರದ ತಾಯಿಗೂ ತಿಳಿಯುತ್ತಿತ್ತು. ಸುದ್ದಿ ಸುಳ್ಳೆನಿಸಿದರೆ ಅವಳು ಚೌಕಾಸಿಯನ್ನೂ ಮಾಡಬಹುದಿತ್ತು!

ಕೂಲಿಮಠದ ಕಾಲದ ಇನ್ನೊಂದು ರೂಢಿ ಮಹಾನವಮಿಯ ಚೌಪದ. ಮಕ್ಕಳು ಐಗಳ ಜೊತೆ ಮನೆಮನೆಗೆ ಹೋಗಿ ಪದ ಹೇಳುತ್ತಿದ್ದರು, ಮನೆಯವರು ಐಗಳಿಗೆ ಕಾಣಿಕೆ ಕೊಡುತ್ತಿದ್ದರು. ಜಾನಪದ ಸಂಗ್ರಹಕಾರರು ಇದನ್ನು ಹಾಡಿನ ಪ್ರಕಾರವಾಗಿ ನೋಡಿದ್ದಾರೆ. ನಾನು ಇದನ್ನು ಪಾಲಕರ ಸಭೆ ಎಂದೂ ಓದುತ್ತೇನೆ. ಯಾರ ಮಗನ ನಾಲಿಗೆ ತೊಡರುತ್ತದೆ, ಯಾರ ಮಗ ಗಂಟಲು ಬಿಟ್ಟು ಹೇಳುತ್ತಾನೆ ಎಂದು ಹೊಸ್ತಿಲಲ್ಲಿ ನಿಂತವರಿಗೆ ಕಿವಿಯೇ ಹೇಳುತ್ತಿತ್ತು. ಇದನ್ನು ಚಿನ್ನದ ಕಾಲವೆಂದು ಕರೆಯುವ ಆಸೆ ನನಗಿಲ್ಲ. ಆ ಹೊಸ್ತಿಲುಗಳು ಎಲ್ಲರವೂ ಆಗಿರಲಿಲ್ಲ. ಐಗಳು ಹೋಗದ ಕೇರಿಗಳು ಪ್ರತಿ ಊರಿನಲ್ಲೂ ಇದ್ದವು. ಮನೆಗೆಲಸಕ್ಕೆ ಕೈ ಬೇಕೆಂದು ಬಡವರು ಮಕ್ಕಳನ್ನು ಬಿಡಿಸುತ್ತಾರೆಂದು ಕ್ಯಾಂಪ್ಬೆಲ್ಲನೇ ಬರೆದಿದ್ದಾನೆ.

ಹೈಸ್ಕೂಲು ಬಂದಾಗ ಈ ಹೊಸ್ತಿಲು ತಪ್ಪಿತು. ಹೈಸ್ಕೂಲು ಇದ್ದದ್ದು ಪಟ್ಟಣದಲ್ಲಿ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ವಾರ್ಡ್ಲಾ ಶಾಲೆಯಂಥವು. ಊರಿನ ಹುಡುಗ ಅಲ್ಲಿಗೆ ಹೋದನೆಂದರೆ ವಾರಾನ್ನಕ್ಕೋ ಬಂಧುಗಳ ಮನೆಗೋ ಜಾತಿಯ ಹಾಸ್ಟೆಲಿಗೋ ಸೇರಿದ ಎಂದರ್ಥ. ಸುದ್ದಿಗೆ ಉಳಿದದ್ದು 1879ರಿಂದ ನಡೆದುಬಂದ ಕಾರ್ಡು. ಅದನ್ನು ಬರೆಯುತ್ತಿದ್ದವನು ಹುಡುಗನೇ. ಇಲ್ಲಿಂದ ಮುಂದಿನ ಚರಿತ್ರೆಯ ವಿಚಿತ್ರವೆಲ್ಲ ಇದರಲ್ಲೇ ಇದೆ: ಯಾರ ಬಗ್ಗೆ ಸುದ್ದಿಯೋ ಅವನೇ ಸುದ್ದಿಗಾರ. ಸುದ್ದಿ ಇಂಗ್ಲಿಷಿನಲ್ಲಿದ್ದರೆ ಓದಿ ಹೇಳುವವನೂ ಅವನೇ. ಕೋರ್ಟಿನಲ್ಲಿ ಆರೋಪಿಯನ್ನೇ ದುಭಾಷಿ ಮಾಡಿದ ಹಾಗೆ.

ಮದ್ರಾಸ್ ಪ್ರಾಂತ್ಯದಲ್ಲಿ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದ ಹೊತ್ತಿಗೆ ಮೆಟ್ರಿಕ್ಯುಲೇಷನ್ ಜಾಗಕ್ಕೆ ಎಸ್‌ಎಸ್‌ಎಲ್‌ಸಿ ಬಂತು. ಹೆಸರು ಬದಲಾದದ್ದಷ್ಟೇ ಅಲ್ಲ, ಯೋಚನೆಯೂ ಬೇರೆ. ಮೆಟ್ರಿಕ್ ಎಂದರೆ ವಿಶ್ವವಿದ್ಯಾಲಯದ ಬಾಗಿಲಲ್ಲಿ ನಿಂತ ಪರೀಕ್ಷೆ. ಪಾಸೋ ಫೇಲೋ, ಅಷ್ಟೇ. ಎಸ್‌ಎಸ್‌ಎಲ್‌ಸಿಯಲ್ಲಿ ಶಾಲೆಯೇ ಒಂದು ಪುಸ್ತಕ ಕೊಡುತ್ತಿತ್ತು. ಹುಡುಗನ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಮೈಮೇಲಿನ ಮಚ್ಚೆಯ ಗುರುತು, ಮೇಲಿನ ತರಗತಿಗಳಲ್ಲಿ ಶಾಲೆ ಕೊಟ್ಟ ಅಂಕ, ಕೊನೆಗೆ ಸಾರ್ವಜನಿಕ ಪರೀಕ್ಷೆಯ ಅಂಕ. ಒಂದು ದಿನದ ತೀರ್ಪಿನ ಬದಲು ಕೆಲವು ವರ್ಷಗಳ ದಾಖಲೆ. ಇಂಥ ಪುಸ್ತಕಗಳನ್ನು ಎರಡು ಮೂರು ಮನೆಗಳಲ್ಲಿ ಕೈಯಲ್ಲಿ ಹಿಡಿದು ನೋಡಿದ್ದೇನೆ. ಮನೆಯವರು ಅದಕ್ಕೆ ಬಟ್ಟೆಯ ಅಟ್ಟೆ ಹಾಕಿ ಪಂಚಾಂಗದಂತೆ ಕಾಪಾಡಿದ್ದಾರೆ.

ಒಳ್ಳೆಯ ಯೋಚನೆಯೇ. ಆದರೆ ಪುಸ್ತಕ ಯಾರನ್ನು ಉದ್ದೇಶಿಸಿ ಮಾತಾಡುತ್ತದೆ ಎಂದು ನೋಡಿ. ಕಾಲೇಜಿನ ಪ್ರಿನ್ಸಿಪಾಲರನ್ನು, ಕಚೇರಿಯ ದೊರೆಯನ್ನು. ಎಸ್‌ಎಸ್‌ಎಲ್‌ಸಿ ಮುಗಿಸುವುದು ಬೇರೆ, ಕಾಲೇಜಿಗೆ 'ಅರ್ಹ'ನಾಗುವುದು ಬೇರೆ ಎಂಬ ಆ ಕಾಲದ ಸೂಕ್ಷ್ಮ, ಇಂಗ್ಲಿಷ್ ಓದಬಲ್ಲ ವಕೀಲರ ಮನೆಗೆ ತಿಳಿಯುತ್ತಿತ್ತು. ಶೇಂಗಾ ಬೆಳೆಯುವವನ ಮನೆಗೆ ಅಲ್ಲ. ಮನೆಯಿಂದ ಪುಸ್ತಕಕ್ಕೆ ಹೋದ ಮಾಹಿತಿ ಒಂದೇ, ಹುಟ್ಟಿದ ದಿನ. ಅದೂ ನೇರವಾಗಿ ಹೋಗಲಿಲ್ಲ. ಮನೆಯವರು 'ಬರ ಬಿದ್ದ ವರ್ಷದ ಶ್ರಾವಣ' ಎನ್ನುತ್ತಿದ್ದರು, ಮೇಷ್ಟ್ರು ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ನಮ್ಮ ಹಿಂದಿನ ತಲೆಮಾರಿನಲ್ಲಿ ಜೂನ್ 1ಕ್ಕೆ ಹುಟ್ಟಿದವರು ಅಷ್ಟೊಂದು ಜನ ಇರುವುದು ಈ ಕಾರಣಕ್ಕೆ. ಸುಳ್ಳು ದಿನವೇ ಕಾಯಂ ಆಯಿತು. ನಿವೃತ್ತಿ, ಪಿಂಚಣಿ, ಪಾಸ್‌ಪೋರ್ಟು ಎಲ್ಲಕ್ಕೂ ಅದೇ.

1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು, 1956ರಲ್ಲಿ ಮುಂಬಯಿ ಮತ್ತು ಹೈದರಾಬಾದ್ ಕಡೆಯ ಕನ್ನಡ ಜಿಲ್ಲೆಗಳೂ ಬಂದವು, 1966ರಲ್ಲಿ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ಆಯಿತು. ಏಕೀಕರಣವಾದರೂ ಮಾತು ಒಂದಾಗಲಿಲ್ಲ: ನಮ್ಮ ಕಡೆ ಮತ್ತು ಇನ್ನೂ ಉತ್ತರಕ್ಕೆ ಹೋದಂತೆ 'ಪಾಲಕರು', ಮೈಸೂರು ಸೀಮೆಯಲ್ಲಿ 'ಪೋಷಕರು'. ಒಬ್ಬರು ಕಾಯುವವರು, ಒಬ್ಬರು ಸಾಕುವವರು. ಎರಡು ಮಾತಿನಲ್ಲೂ ಕೇಳಿ ತಿಳಿಯುವವರು ಎಂಬ ಅರ್ಥವಿಲ್ಲ.

ಫಲಿತಾಂಶ ಪತ್ರಿಕೆಗಳಲ್ಲಿ ಬರುತ್ತಿದ್ದ ದಶಕಗಳನ್ನು ನಮ್ಮ ಅಪ್ಪಂದಿರು ಇನ್ನೂ ರಸವತ್ತಾಗಿ ವರ್ಣಿಸುತ್ತಾರೆ. ಪುಟಗಟ್ಟಲೆ ರಿಜಿಸ್ಟರ್ ನಂಬರು. ಬಸ್ ಸ್ಟ್ಯಾಂಡಿನಲ್ಲಿ ಒಂದು ಪ್ರತಿಗೆ ಹತ್ತು ತಲೆ. ನಂಬರು ಇದ್ದರೆ ಪಾಸು, ಇಲ್ಲದಿದ್ದರೆ ಇಲ್ಲ. ಮನೆಗೆ ಬಂದ ಸುದ್ದಿಗಳಲ್ಲಿ ಇಷ್ಟು ಸ್ಪಷ್ಟವಾದದ್ದು ಬೇರೊಂದಿರಲಿಲ್ಲ, ಇಷ್ಟು ಬಡವಾದದ್ದೂ ಇರಲಿಲ್ಲ. ಯಾವ ವಿಷಯದಲ್ಲಿ ಹೋಯಿತು, ಮತ್ತೆ ಕಟ್ಟುವುದು ಯಾವಾಗ, ಇವು ಅದರಲ್ಲಿಲ್ಲ. ಇಲ್ಲದ ನಂಬರನ್ನು ಸಂಜೆಯವರೆಗೂ ಹುಡುಕಿದವರ ಕತೆಗಳು ಪ್ರತಿ ಊರಿನಲ್ಲಿವೆ.

ನಾನು ಹತ್ತನೇ ತರಗತಿ ಮುಗಿಸುವ ಹೊತ್ತಿಗೆ ಪತ್ರಿಕೆಯ ನಂಬರಿನ ಜಾಗಕ್ಕೆ ಸೈಬರ್ ಸೆಂಟರ್ ಬಂದಿತ್ತು. ಹತ್ತು ರೂಪಾಯಿ ಕೊಟ್ಟರೆ ಅಂಕಪಟ್ಟಿಯ ಪ್ರಿಂಟು. 625ಕ್ಕೆ ಎಷ್ಟು ಎಂಬುದು ಊರಿಗೆಲ್ಲ ಒಂದೇ ಗಂಟೆಯಲ್ಲಿ ತಿಳಿಯಿತು. ಆದರೆ ಆ ಚೌಕ ಹಾಗೇ ಇತ್ತು. 1991ರ ಜನಗಣತಿಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳ ಸಾಕ್ಷರತೆ ಶೇ. 44.34. ನನ್ನ ಓರಗೆಯವರ ತಾಯಂದಿರು ಈ ಲೆಕ್ಕದೊಳಗೆ ಬರುವವರು. ನಮ್ಮ ಕೂಡ್ಲಿಗಿ ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ಗುಳೆ ಹೋಗುವುದು ರೂಢಿ. ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಕಬ್ಬು ಕಡಿಯಲಿಕ್ಕೋ. ನನ್ನ ತರಗತಿಯ ಕಾಲುಭಾಗದವರಿಗೆ ಸಹಿ ಹಾಕುತ್ತಿದ್ದದ್ದು ಅಜ್ಜಿ. ನಮ್ಮ ಅವ್ವ ಸಹಿ ಹಾಕುವಷ್ಟು ಕಲಿತಿದ್ದಳು. ಕಾರ್ಡು ಕೈಗೆ ಕೊಟ್ಟರೆ ಮೊದಲು ಕೆಂಪು ಶಾಯಿ ಎಲ್ಲಾದರೂ ಇದೆಯೇ ಎಂದು ನೋಡುವಳು, ಆಮೇಲೆ ನನ್ನ ಮುಖ ನೋಡುವಳು. ಅಂಕಕ್ಕಿಂತ ಮುಖವನ್ನೇ ಅವಳು ಚೆನ್ನಾಗಿ ಓದುತ್ತಿದ್ದಳು ಎಂದು ನನ್ನ ನಂಬಿಕೆ.

ಎಷ್ಟು ಕಲಿತ ಎಂಬ ಸುದ್ದಿ ಹೇಗೋ ಮನೆ ಮುಟ್ಟಿತು. ಮುಂದೆ ಏನು ಎಂಬ ಸುದ್ದಿಯೇ ಮುಟ್ಟದ್ದು. ಹತ್ತರಿಂದ ಹನ್ನೊಂದಕ್ಕೆ ಹೋಗುವುದು ಬರೀ ಒಂದು ತರಗತಿಯ ದೂರವಲ್ಲ. ಹಳ್ಳಿಯಿಂದ ತಾಲ್ಲೂಕಿಗೆ, ಕನ್ನಡದಿಂದ ಇಂಗ್ಲಿಷಿಗೆ, ಉಚಿತ ಪುಸ್ತಕ ಬಿಸಿಯೂಟದಿಂದ ಬಸ್ ಪಾಸಿಗೆ. ವಿಜ್ಞಾನ ತೆಗೆದುಕೊಂಡವನಿಗೆ ಜೂನ್ ತಿಂಗಳಲ್ಲಿ ಭೌತಶಾಸ್ತ್ರವೇ ಫಿಸಿಕ್ಸ್ ಎಂದು ತಿಳಿಯುತ್ತದೆ. ಅದಕ್ಕಿಂತ ಮುಖ್ಯ, ಕಾಗದಗಳು. ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ. ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ, ಹಳ್ಳಿಯಲ್ಲಿ ಓದಿದ್ದಕ್ಕೆ ಮುಖ್ಯೋಪಾಧ್ಯಾಯರ ಪತ್ರ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು. 2012ರ ಸಂವಿಧಾನ ತಿದ್ದುಪಡಿಯಿಂದ 371(ಜೆ) ಬಂದ ಮೇಲೆ ನಮ್ಮ ಭಾಗದವರಿಗೆ ಅದರದೇ ಇನ್ನೊಂದು ಪತ್ರ. ಇವುಗಳಲ್ಲಿ ಒಂದೊಂದೂ ಒಂದು ಸೀಟು, ಒಂದು ನೌಕರಿ. ಇವುಗಳ ಹೆಸರು ಮನೆಗೆ ಗೊತ್ತಾಗುವುದು ಕೌಂಟರಿನಲ್ಲಿ 'ಅದು ಎಲ್ಲಿ?' ಎಂದು ಕೇಳಿದಾಗ. ನನ್ನ ಜೊತೆ ಓದಿದ, ನನಗಿಂತ ಹೆಚ್ಚು ಅಂಕ ತೆಗೆದ ಹುಡುಗಿಯೊಬ್ಬಳ ತಂದೆತಾಯಿ ಆ ಬೇಸಿಗೆ ಬೆಂಗಳೂರಿನಲ್ಲಿದ್ದರು. ಕಾಲೇಜಿನ ಅರ್ಜಿಗೆ ಕೊನೆಯ ದಿನವೊಂದು ಇರುತ್ತದೆಂದು ಅಜ್ಜಿಗೆ ಯಾರೂ ಹೇಳಿರಲಿಲ್ಲ. ಊರಿಗೆ ಮರಳಿದ ತಂದೆತಾಯಿ ಮುಂದಿನ ವರ್ಷ ನೋಡೋಣ ಎಂದರು. ಮುಂದಿನ ವರ್ಷ ಅವಳ ಮದುವೆಯಾಯಿತು.

ಕಾನೂನು ಈ ಕಂದಕದ ಈಚೆಗೇ ನಿಲ್ಲುತ್ತದೆ. ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲುಪಾಲು ಪಾಲಕರಿರಬೇಕೆಂದು ಹೇಳಿದ 2009ರ ಶಿಕ್ಷಣ ಹಕ್ಕು ಕಾಯ್ದೆ ಹದಿನಾಲ್ಕು ವರ್ಷಕ್ಕೆ, ಎಂಟನೆಯ ತರಗತಿಗೆ ಮುಗಿಯುತ್ತದೆ. ನಮ್ಮಲ್ಲಿ ಹೈಸ್ಕೂಲು ಶುರುವಾಗುವುದೇ ಎಂಟರಿಂದ. ಈಗ ಸ್ಯಾಟ್ಸ್ ಎಂಬ ತಂತ್ರಾಂಶದಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆಯಿದೆ. ಅಂಕ, ವರ್ಗಾವಣೆ ಪತ್ರ ಎಲ್ಲ ಅದರಲ್ಲೇ. ಹಳೆಯ ಎಸ್‌ಎಸ್‌ಎಲ್‌ಸಿ ಪುಸ್ತಕದ ಮೊಮ್ಮಗು ಅದು, ಮುಖ ತಿರುಗಿಸಿರುವುದೂ ಅಜ್ಜನಂತೆ ಮೇಲಕ್ಕೇ. 2024ರಲ್ಲಿ ಪೂರಕ ಪರೀಕ್ಷೆ ಹೋಗಿ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಬಂತು. ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂದ ಆ ವರ್ಷವೇ ಮೊದಲ ಪರೀಕ್ಷೆಯ ಫಲಿತಾಂಶ ಹಿಂದಿನ ವರ್ಷದ 83.89ರಿಂದ 73.40ಕ್ಕೆ ಇಳಿಯಿತು. ಫೇಲ್ ಎಂಬ ಮಾತು ಮನೆಗೆ ಓಡಿ ಬರುತ್ತದೆ. ಎರಡನೆಯ ಪರೀಕ್ಷೆಗೆ ಇಂಥ ದಿನದೊಳಗೆ ಹೆಸರು ಬರೆಸಿ ಎಂಬ ಮಾತು ನಡೆದು ಬರುತ್ತದೆ, ಕೆಲವು ಮನೆಗೆ ಬರುವುದೇ ಇಲ್ಲ.

ಶಾಲೆ ಮತ್ತೆ ಮನೆಯ ಕಡೆ ಮುಖ ಮಾಡಿದ್ದು ಎಲ್ಲಿ ಎಂದು ಕೇಳಿದರೆ ನಾನು ತಂತ್ರಾಂಶ ತೋರಿಸಲಾರೆ. ಎಸ್‌ಎಸ್‌ಎಲ್‌ಸಿ ಮಕ್ಕಳನ್ನು ಮೇಷ್ಟ್ರು ತಲಾ ಇಷ್ಟೆಂದು ದತ್ತು ತೆಗೆದುಕೊಳ್ಳುವುದು, ಬೆಳಗಿನ ಜಾವ ಫೋನು ಮಾಡಿ ಎಬ್ಬಿಸುವುದು, ಸಂಜೆ ಮನೆಗೆ ಹೋಗಿ ಬರುವುದು ಹಲವು ಜಿಲ್ಲೆಗಳಲ್ಲಿ ನಡೆದುಬಂದಿದೆ. ಇದು ಮಗುವಿಗಿಂತ ಜಿಲ್ಲೆಯ ಸ್ಥಾನದ ಚಿಂತೆಯಿಂದ ಹುಟ್ಟಿದ್ದೆಂದು ಗೊಣಗುವ ಶಿಕ್ಷಕರಿದ್ದಾರೆ. ಅವರ ಗೊಣಗು ಸುಳ್ಳಲ್ಲ. ಆದರೂ ಮೇಷ್ಟ್ರು ಹೊಸ್ತಿಲಲ್ಲಿ ನಿಂತಾಗ ಮಾತು ಎರಡೂ ಕಡೆಯಿಂದ ಆಗುತ್ತದೆ, ಹುಡುಗ ನಡುವೆ ದುಭಾಷಿಯಾಗಬೇಕಿಲ್ಲ.

ಹೋದ ವರ್ಷ ಒಂದು ಶಾಲೆಯಲ್ಲಿ ಮನೆ ಭೇಟಿಯ ವಹಿ ನೋಡಲು ಸಿಕ್ಕಿತು. ದಿನಾಂಕ, ವಿದ್ಯಾರ್ಥಿ, ಚರ್ಚಿಸಿದ ವಿಷಯ, ಕೊನೆಗೆ ಪಾಲಕರ ಅಭಿಪ್ರಾಯ. ಕೊನೆಯ ಕಾಲಮಿನಲ್ಲಿ ಪುಟಪುಟವೂ ಒಂದೇ ಸಾಲು, ಸಹಕರಿಸುವುದಾಗಿ ತಿಳಿಸಿದರು, ಸಹಕರಿಸುವುದಾಗಿ ತಿಳಿಸಿದರು. ನಡುವೆ ಒಂದೇ ಒಂದು ಕಡೆ ಬೇರೆ ಶಾಯಿ, ಬೇರೆ ಕೈ. ಹೊಸದಾಗಿ ಬಂದ ಶಿಕ್ಷಕಿಯದಂತೆ. ಚೌಕ ಸಾಲದೆ ಅಕ್ಷರ ಅಂಚಿಗೆ ಹರಿದಿತ್ತು. ಹತ್ತಾದ ಮೇಲೆ ಹೆಣ್ಣುಮಕ್ಕಳ ಹಾಸ್ಟೆಲು ಯಾವ ಊರಲ್ಲಿದೆ, ಅರ್ಜಿ ಯಾವಾಗ ಹಾಕಬೇಕು, ನಾವು ಗುಳೆ ಹೋಗುವುದರೊಳಗೆ ಹಾಕಬಹುದೇ ಎಂದು ತಾಯಿ ಕೇಳಿದ್ದಾರೆ, ವಿಚಾರಿಸಿ ತಿಳಿಸಬೇಕು ಎಂದು ಬರೆದಿತ್ತು. ಅದರ ಕೆಳಗೆ ಹೆಬ್ಬೆಟ್ಟು. ಹತ್ತು ದಿನದ ನಂತರದ ತಾರೀಖಿನಲ್ಲಿ ಅದೇ ಮನೆಗೆ ಇನ್ನೊಂದು ಭೇಟಿಯ ನಮೂದು ಇತ್ತು.